ದೇವರ ಮಾನ ಕಾಯಲು ಹೋಗಿ

ಮೊದಲು ಬಂದದ್ದು ಕೆಮ್ಮು. ಮುಂಬೈಯಲ್ಲಿ ಕೆಮ್ಮಿಗೆ ಯಾರೂ ಹೆದರುವುದಿಲ್ಲ. ಭಾಂಡುಪ್‌ನ ನಮ್ಮ ಚಾಳಿನಲ್ಲಿ ಎದುರಿನ ಮನೆಯವರೂ ಕೆಮ್ಮುತ್ತಾರೆ, ಪಕ್ಕದ ಮನೆಯವರೂ ಕೆಮ್ಮುತ್ತಾರೆ. ರಸ್ತೆ ಅಗೆದರಂತೂ ಇಡೀ ಗಲ್ಲಿಯೇ ಕೆಮ್ಮುತ್ತದೆ. ನನ್ನ ಗಂಡ ದಯಾನಂದ ಪವಾಯಿಯ ದೊಡ್ಡದೊಂದು ಸೊಸೈಟಿಯಲ್ಲಿ ಎಲೆಕ್ಟ್ರಿಷಿಯನ್. ದಿನವಿಡೀ ಬೇಸ್‌ಮೆಂಟಿನಲ್ಲಿ ಕೆಲಸ. ಧೂಳಿನ ಕೆಮ್ಮು ಎಂದುಕೊಂಡೆವು.

ಮೂರು ವಾರವಾಯಿತು. ಸಂಜೆಯಾದರೆ ಸಣ್ಣ ಜ್ವರ ಬರತೊಡಗಿತು. ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಎರಡು ಸಲ ಅವರ ಪ್ಯಾಂಟು ಬಿಗಿ ಮಾಡಿ ಹೊಲಿದುಕೊಟ್ಟೆ. ಮೂರನೆಯ ಸಲ ಬಟ್ಟೆ ಮಡಚುವಾಗ ಎಷ್ಟು ಮಡಚುತ್ತಿದ್ದೇನೆ ಎಂದು ನೋಡಿ ಕೈ ನಿಂತಿತು.

ಎಕ್ಸ್‌ರೇ ಆಯಿತು. ಕಫದ ಟೆಸ್ಟ್ ಆಯಿತು.

ಟಿಬಿ.

ಆರು ತಿಂಗಳು ಗುಳಿಗೆ, ಒಂದು ದಿನವೂ ತಪ್ಪಬಾರದು ಎಂದರು ಆಸ್ಪತ್ರೆಯ ಡಾಕ್ಟರ್. ಆರಾಮ ಅನಿಸಿದರೂ ನಿಲ್ಲಿಸಬಾರದು ಎಂದು ಹಿಂದಿಯಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ ಹೇಳಿದರು. ನಾನು ಎರಡು ಭಾಷೆಯಲ್ಲೂ ತಲೆಯಾಡಿಸಿದೆ. ಬೆಳಿಗ್ಗೆ ಗುಳಿಗೆ ಕೊಡುವ ಕೆಲಸ ನನ್ನದಾಯಿತು. ಇವರು ನೀರಿನ ಗ್ಲಾಸು ಹಿಡಿದು ಕೂರುತ್ತಿದ್ದರು. ನಾನು ಸ್ಟ್ರಿಪ್ಪಿನಿಂದ ಬಿಡಿಸಿ ಅಂಗೈಗೆ ಹಾಕುತ್ತಿದ್ದೆ.

ಆದರೆ ನನ್ನ ತಲೆಯಲ್ಲಿ ಬೇರೆಯೇ ಒಂದು ಪ್ರಶ್ನೆ ಓಡುತ್ತಿತ್ತು. ನನ್ನ ತವರು ಗದಗಿನ ಹತ್ತಿರದ ಬೆಟಗೇರಿ. ಮೂರು ತಲೆಮಾರಿನಿಂದ ಕ್ರೈಸ್ತರು ನಾವು. ಅವ್ವನಿಗೆ ಸಂತೆಯ ದಾರಿ ಎಷ್ಟು ಗೊತ್ತೋ ದೇವರ ಸಿಟ್ಟೂ ಅಷ್ಟೇ ಗೊತ್ತಿತ್ತು. ಮಕ್ಕಳಿಗೆ ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಇಡುವ ಮೊದಲೇ, "ಏನ್ ತಪ್ಪ ಮಾಡೀದಿ, ನೆನಪ ಮಾಡ್ಕೊ" ಎನ್ನುತ್ತಿದ್ದಳು. ನಾನೊಮ್ಮೆ ಬೆಲ್ಲ ಕದ್ದದ್ದನ್ನು ಒಪ್ಪಿಕೊಂಡೆ. ಸಂಜೆಗೆ ಜ್ವರ ಬಿಟ್ಟಿತು. ಅದು ಬರೀ ನೆಗಡಿಯ ಜ್ವರ, ಬೆಲ್ಲ ಕದಿಯದಿದ್ದರೂ ಬಿಡುತ್ತಿತ್ತು ಎಂದು ಹೇಳುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ನಲವತ್ತು ದಾಟಿದ ಮೇಲೂ ನಾನು ಆ ಹುಡುಗಿಯೇ ಆಗಿದ್ದೆ. ಟಿಬಿ ಎಂದ ದಿನ ಮನೆಗೆ ಬಂದು ಇವರನ್ನು ಕೇಳಿಯೇಬಿಟ್ಟೆ.

"ರೀ, ಖರೇ ಹೇಳ್ರಿ. ಏನ್ ಮಾಡೀರಿ?"

"ಬೇಸ್‌ಮೆಂಟಿನ್ಯಾಗ ವಾಯರಿಂಗ್ ಮಾಡೀನಿ" ಎಂದರು.

ಎರಡು ತಿಂಗಳಿಗೆ ಕೆಮ್ಮು ಹೋಯಿತು. ಹಸಿವು ಬಂತು. ಬಿಗಿ ಮಾಡಿದ್ದ ಪ್ಯಾಂಟನ್ನು ಬಿಚ್ಚಿ ಹೊಲಿದೆ. ಹೊಲಿಗೆ ಬಿಚ್ಚುವಾಗ ಹಾಡುತ್ತಿದ್ದೆನೆಂದು ಮಗಳು ಕೃಪಾ ಆಮೇಲೆ ಹೇಳಿದಳು. ಕೃಪಾ ಕಾಲೇಜಿನ ಮೊದಲ ವರ್ಷದಲ್ಲಿದ್ದಾಳೆ. ಕನ್ನಡ ಎಲ್ಲ ತಿಳಿಯುತ್ತದೆ, ಮಾತಾಡಲು ಹೋದರೆ ಅರ್ಧಕ್ಕೆ ಹಿಂದಿ ಹತ್ತುತ್ತಾಳೆ.

ನಮ್ಮ ಕನ್ನಡ ಸಭೆ ಭಾನುವಾರ ಒಂದು ಶಾಲೆಯ ಹಾಲಿನಲ್ಲಿ ಸೇರುತ್ತದೆ. ನಲವತ್ತು ಜನ ಇರಬಹುದು. ಹೆಚ್ಚಿನವರು ಗದಗ, ಬೆಳಗಾವಿ, ವಿಜಯಪುರದ ಕಡೆಯವರು. ಪಾಸ್ಟರ್ ಸುಕುಮಾರಣ್ಣ ವಾರದ ದಿನಗಳಲ್ಲಿ ಒಂದು ಗೋಡೌನಿನಲ್ಲಿ ಕೆಲಸ ಮಾಡುತ್ತಾರೆ. ಟಿಬಿ ಎಂದು ಕೇಳಿ ಬಂಧುಗಳು ಬಾಗಿಲಲ್ಲೇ ನಿಂತು ಹೋದಾಗ ಅವರು ಒಳಗೆ ಬಂದು, ಚಾಪೆಯ ಮೇಲೆ ಕುಳಿತು, ಇವರ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದ್ದರು. ಅವರು ಗುಳಿಗೆ ಬಿಡಿ ಎನ್ನಲಿಲ್ಲ. ಯಾರೂ ಎನ್ನಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ನಮ್ಮ ಕಥೆ ಕೇಳಿದವರೆಲ್ಲ ತಪ್ಪನ್ನು ಸಭೆಯ ತಲೆಗೆ ಕಟ್ಟಲು ತಯಾರಾಗುತ್ತಾರೆ.

ಹಾಡು ಮುಗಿದ ಮೇಲೆ ಸಾಕ್ಷಿಯ ಸಮಯ. ಕರ್ತನು ತನಗೆ ಏನು ಮಾಡಿದನೆಂದು ಯಾರು ಬೇಕಾದರೂ ಎದ್ದು ನಿಂತು ಹೇಳಬಹುದು. ಒಬ್ಬರಿಗೆ ಕೆಲಸ ಸಿಕ್ಕಿರುತ್ತದೆ, ಇನ್ನೊಬ್ಬರ ಮಗ ಪಾಸಾಗಿರುತ್ತಾನೆ. ಇದಕ್ಕೆ ಯಾರೂ ಬಾಯಿಬಿಟ್ಟು ಹೇಳದ ಒಂದು ನಿಯಮವಿದೆ: ಸಾಕ್ಷಿ ಮುಗಿದ ಸಂಗತಿಯದ್ದಾಗಿರಬೇಕು. "ಅರ್ಧ ಗುಣವಾಗಿದೆ, ಇನ್ನೂ ನಾಲ್ಕು ತಿಂಗಳಿದೆ" ಎಂದು ಯಾರೂ ಸಾಕ್ಷಿ ಹೇಳಿದ್ದನ್ನು ನಾನು ಕೇಳಿಲ್ಲ. ಹಾಗೆ ಹೇಳಿದರೆ ಆಮೆನ್ ಎಂದು ಎಲ್ಲಿ ಕೂಗಬೇಕೆಂದು ಜನಕ್ಕೆ ತಿಳಿಯುವುದಿಲ್ಲ.

ಕೆಮ್ಮು ಹೋದ ಮೇಲಿನ ಒಂದು ಭಾನುವಾರ, ಇವರೂ ಸಭೆಯಲ್ಲಿದ್ದಾಗ, ನಾನು ಎದ್ದೆ. ಕಣ್ಣಲ್ಲಿ ನೀರು. "ಕರ್ತನು ನನ್ನ ಗಂಡನನ್ನು ಪೂರ್ತಿ ಗುಣಪಡಿಸಿದ್ದಾನೆ. ಟಿಬಿ ಹೋಗಿದೆ" ಎಂದೆ. ಹಾಲಿನ ತುಂಬ ಆಮೆನ್. ಹೆಂಗಸರು ಬಂದು ತಬ್ಬಿಕೊಂಡರು.

ಮರುದಿನ ಬೆಳಿಗ್ಗೆ ಇವರು ಗ್ಲಾಸು ಹಿಡಿದು ಕುಳಿತಿದ್ದರು. ನಾನು ಸ್ಟ್ರಿಪ್ಪು ಹಿಡಿದು ನಿಂತೆ. ಪೂರ್ತಿ ಗುಣವಾದವರಿಗೆ ಗುಳಿಗೆ ಏಕೆ? ಕೊಟ್ಟರೆ ನಿನ್ನೆ ಹೇಳಿದ್ದು ಸುಳ್ಳು. ಅದೂ ದೇವರ ಹೆಸರಲ್ಲಿ ಹೇಳಿದ ಸುಳ್ಳು. ಅದಕ್ಕೆ ಇನ್ನೇನು ಶಿಕ್ಷೆ ಬರುವುದೋ? ಸ್ಟ್ರಿಪ್ಪನ್ನು ಬ್ಲೌಸ್ ಪೀಸುಗಳ ಕೆಳಗೆ ಇಟ್ಟೆ.

ಇವರು ನನ್ನ ಮುಖ ನೋಡಿದರು. ಬರೀ ನೀರು ಕುಡಿದು ಡ್ಯೂಟಿಗೆ ಹೋದರು.

ಕೇಳಲಿಲ್ಲ.

ಗುಳಿಗೆ ನುಂಗುವಾಗ ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿರುತ್ತದೆ. ಎರಡು ದಿನದಲ್ಲಿ ಆ ಬಣ್ಣ ಹೋಯಿತಂತೆ. ಅದನ್ನೂ ನಾನು ದೇವರ ಗುರುತೆಂದೇ ತಿಳಿದೆ. ಬುದ್ಧಿ ಕೆಟ್ಟರೆ ಮನುಷ್ಯನಿಗೆ ಎಲ್ಲವೂ ಗುರುತಾಗಿ ಕಾಣುತ್ತದೆ. ಗುಳಿಗೆ ಕೊಡುವ ಹೆಲ್ತ್ ಪೋಸ್ಟಿನ ನರ್ಸ್ ಫೋನ್ ಮಾಡಿದಾಗ "ಹಾಂ, ರೋಜ್ ಲೇತೇ ಹೈಂ" ಎಂದೆ, ದಿನವೂ ತೆಗೆದುಕೊಳ್ಳುತ್ತಾರೆ ಎಂದು. ತಿಂಗಳ ಗುಳಿಗೆಯನ್ನು ಹೋಗಿ ತಂದೆ. ಅದನ್ನೂ ಬಚ್ಚಿಟ್ಟೆ.

"ಮಮ್ಮಿ, ಪಪ್ಪಾಗೆ ಗೋಲಿ ಯಾಕ ಕೊಡ್ತಿಲ್ಲ? ಛೇ ಮಹಿನೇ ಬೋಲಾ ಥಾ ನಾ?" ಎಂದಳು ಕೃಪಾ. ಆರು ತಿಂಗಳು ಎಂದಿದ್ದರಲ್ಲ ಎಂದು ಅವಳ ಮಾತು.

"ನಿನಗ ವಿಶ್ವಾಸ ಇಲ್ಲ ಅಂದ್ರ ನನ್ನ ವಿಶ್ವಾಸಕ್ಕ ಅಡ್ಡ ಬರಬ್ಯಾಡ" ಎಂದು ಹರಿಹಾಯ್ದೆ. ಆ ಮನೆಯಲ್ಲಿ ಆಗ ಸರಿಯಾಗಿ ಯೋಚಿಸುತ್ತಿದ್ದವಳು ಅವಳೊಬ್ಬಳೇ.

ಸುಮಾರು ಒಂದು ತಿಂಗಳಿಗೆ ಕೆಮ್ಮು ತಿರುಗಿ ಬಂತು. ಮೊದಲು ಬೆಳಗಿನ ಹೊತ್ತು ಮಾತ್ರ. ಆಮೇಲೆ ಸಂಜೆಯೂ. ಪಕ್ಕದ ಮನೆಯವಳು ನಮ್ಮ ಸಭೆಯವಳೇ, ನಡುವೆ ಇರುವುದು ತಗಡಿನ ಗೋಡೆ. ಇವರು ಕೆಮ್ಮತೊಡಗಿದರೆ ನಾನು ಓಡಿಹೋಗಿ ಹೊಲಿಗೆ ಯಂತ್ರ ತಿರುಗಿಸುತ್ತಿದ್ದೆ. ಸೂಜಿಯ ಕೆಳಗೆ ಬಟ್ಟೆಯೂ ಇಲ್ಲದೆ, ಕೆಮ್ಮು ನಿಲ್ಲುವ ತನಕ ಬರಿದೇ ತುಳಿಯುತ್ತಿದ್ದೆ. ತುಳಿಯುತ್ತಲೇ ಪ್ರಾರ್ಥನೆ: ಸ್ವಾಮಿ, ನಿನ್ನ ಹೆಸರು ಕೆಡಬಾರದು, ನಿನ್ನ ಹೆಸರಿಗಾಗಿಯಾದರೂ ನಿಲ್ಲಿಸು. ಈಗ ನೆನೆದರೆ ಮೈ ಉರಿಯುತ್ತದೆ. ಎದುರಿಗೆ ಗಂಡ ಸಾಯುತ್ತಿದ್ದಾನೆ, ನಾನು ದೇವರ ಮಾನದ ಚಿಂತೆಯಲ್ಲಿದ್ದೆ. ನಿಜ ಹೇಳಬೇಕೆಂದರೆ ಅದು ದೇವರ ಮಾನವೂ ಅಲ್ಲ, ನನ್ನದೇ.

ನಲವತ್ತಾರನೆಯ ದಿನ ಬೆಳಿಗ್ಗೆ ಇವರು ಮನೆಯೊಳಗೆ ಪಾತ್ರೆ ತೊಳೆಯುವ ಮೂಲೆಯ ಮೋರಿಯ ಮುಂದೆ ಕುಳಿತು ಹಲ್ಲುಜ್ಜುತ್ತಿದ್ದರು. ಕೆಮ್ಮು ಬಂತು. ನಾನು ಯಂತ್ರದತ್ತ ತಿರುಗಿದೆ.

"ಮಮ್ಮಿ!"

ಮೋರಿಯ ಬಿಳಿ ಟೈಲ್ಸಿನ ಮೇಲೆ ರಕ್ತ.

ಸ್ವಲ್ಪವಲ್ಲ. ಕೃಪಾ ಆಟೋ ತಂದಳು. ಬಚ್ಚಿಟ್ಟ ಸ್ಟ್ರಿಪ್ಪುಗಳನ್ನು ನಾನೇ ಚೀಲಕ್ಕೆ ತುಂಬಿದೆ. ದಾರಿಯುದ್ದಕ್ಕೂ ಇವರು ಬಾಯಿಗೆ ಟವೆಲ್ ಒತ್ತಿಕೊಂಡು ಕುಳಿತಿದ್ದರು. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ನಾನು ಟವೆಲ್ಲಿನ ಬಣ್ಣ ನೋಡುತ್ತಿದ್ದೆ.

ಒಪಿಡಿಯಲ್ಲಿದ್ದವರು ಬೇರೆ ಡಾಕ್ಟರ್, ಚಿಕ್ಕ ವಯಸ್ಸಿನ ಹೆಂಗಸು. ಹೊಸ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು, ಹಳೆಯದನ್ನು ನೋಡಿದರು. "ಗೋಲಿ ಕಿಸನೇ ಬಂದ್ ಕಿ?" ಗುಳಿಗೆ ನಿಲ್ಲಿಸಿದವರು ಯಾರು?

ನಾನು ಬಾಯಿ ತೆರೆಯುವ ಮೊದಲೇ ಇವರು ಟವೆಲ್ ಸರಿಸಿ, "ಮೈನೇ" ಎಂದರು. ನಾನೇ.

ಡಾಕ್ಟರ್ ಅವರನ್ನು ಬೈದರು. ಸರಿಯಾಗಿಯೇ ಬೈದರು. ಮನೆಯಲ್ಲಿ ಬೆಳೆದ ಮಗಳಿದ್ದಾಳೆ, ಅವಳಿಗೂ ಹತ್ತಿಸಬೇಕೆಂದಿದ್ದೀರಾ? ರೆಸಿಸ್ಟೆನ್ಸ್ ಬಂದಿದ್ದರೆ ಈ ಗುಳಿಗೆಗಳು ನಾಟುವುದೇ ಇಲ್ಲ, ಗೊತ್ತೇ? ಇವರು ತಲೆ ತಗ್ಗಿಸಿ ಕೇಳಿಸಿಕೊಂಡರು. ನನ್ನ ಪಾಲಿನ ಬೈಗುಳದ ಒಂದೊಂದು ಮಾತನ್ನೂ ಆ ರಕ್ತದ ಬಾಯಿಯ ಮನುಷ್ಯ ತನ್ನ ತಲೆಗೆ ಹಾಕಿಕೊಳ್ಳುತ್ತಿದ್ದ. ನಮಗಾಗಿ ಒಬ್ಬನು ಶಿಲುಬೆಯ ಮೇಲೆ ಶಿಕ್ಷೆ ಹೊತ್ತನೆಂದು ಹುಟ್ಟಿದಾಗಿನಿಂದ ಕೇಳಿದ್ದೇನೆ. ಅದು ಎಷ್ಟು ನೋಯುತ್ತದೆಂದು ಗೊತ್ತಾದದ್ದು ಅಲ್ಲಿ, ಪ್ಲಾಸ್ಟಿಕ್ ಸ್ಟೂಲಿನ ಪಕ್ಕದಲ್ಲಿ ನಿಂತಾಗ.

"ಅವರಲ್ಲ, ಮೈನೇ ಬಂದ್ ಕಿ" ಎಂದೆ. ಚೀಲದಿಂದ ಸ್ಟ್ರಿಪ್ಪುಗಳನ್ನು ತೆಗೆದು ಮೇಜಿನ ಮೇಲೆ ಸುರಿದೆ.

"ಕ್ಯೂಂ?" ಏಕೆ?

ಸಾಕ್ಷಿ ಎಂದರೇನೆಂದು ಹಿಂದಿಯಲ್ಲಿ ಹೇಗೆ ಹೇಳುವುದು? ಕೃಪಾ ಅಳುತ್ತಲೇ ಹೇಳಿದಳು: ಅಮ್ಮ ಎಲ್ಲರೆದುರು ಗುಣವಾಯಿತೆಂದು ಹೇಳಿಬಿಟ್ಟಿದ್ದಳು, ಮತ್ತೆ ಗುಳಿಗೆ ಕೊಟ್ಟರೆ ಭಗವಂತನ ಹೆಸರು ಕೆಡುತ್ತದೆಂದು ಹೆದರಿದಳು.

ಡಾಕ್ಟರ್ ಒಂದು ಕ್ಷಣ ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ. "ಭಗವಾನ್ ಅಪನಾ ದೇಖ್ ಲೇಗಾ, ಮೌಶಿ. ಆಪ್ ಗೋಲಿ ದೇಖೋ." ದೇವರು ತನ್ನದನ್ನು ತಾನು ನೋಡಿಕೊಳ್ಳುತ್ತಾನೆ, ಚಿಕ್ಕಮ್ಮ, ನೀವು ಗುಳಿಗೆ ನೋಡಿಕೊಳ್ಳಿ.

ಆಕೆ ಯಾವ ದೇವರನ್ನು ನಂಬುತ್ತಾರೋ ಗೊತ್ತಿಲ್ಲ. ಬಹುಶಃ ಯಾರನ್ನೂ ನಂಬದಿರಬಹುದು. ಆದರೆ ಇಷ್ಟು ವರ್ಷ ಸಭೆಯಲ್ಲಿ ಕೇಳಿದ ಯಾವ ಬೋಧನೆಯೂ ನನಗೆ ಇಷ್ಟು ನೇರವಾಗಿ ತಾಗಿರಲಿಲ್ಲ. ದೇವರ ಮಾನ ಕಾಯುವ ಕೆಲಸವನ್ನು ನನಗೆ ಕೊಟ್ಟವರು ಯಾರು? ಯಾರೂ ಕೊಟ್ಟಿರಲಿಲ್ಲ. ನಾನೇ ಮೈಮೇಲೆ ಎಳೆದುಕೊಂಡಿದ್ದೆ.

ಇವರನ್ನು ಅಡ್ಮಿಟ್ ಮಾಡಿಕೊಂಡರು. ಕಫ ಸಿಬಿನಾಟ್ ಎಂಬ ಟೆಸ್ಟಿಗೆ ಹೋಯಿತು. ರೆಸಿಸ್ಟೆನ್ಸ್ ಇದೆಯೋ ಇಲ್ಲವೋ ಸೋಮವಾರ ತಿಳಿಯುತ್ತದೆ ಎಂದರು. ಅಂದು ಗುರುವಾರ. ನಡುವೆ ಒಂದು ಭಾನುವಾರ ಇತ್ತು.

ರಿಪೋರ್ಟ್ ಬರಲಿ, ಆಮೇಲೆ ಸಭೆಗೆ ಹೋಗೋಣ ಎಂದು ಮನಸ್ಸು ಹೇಳಿತು. ಒಳ್ಳೆಯ ಸುದ್ದಿ ಕೈಯಲ್ಲಿದ್ದರೆ ತಪ್ಪೊಪ್ಪಿಕೊಳ್ಳುವುದು ಸುಲಭ. ಆಗ ಅದೂ ಒಂದು ಮುಗಿದ ಸಾಕ್ಷಿಯಾಗುತ್ತದೆ. ಆ ಉಪಾಯ ನನಗೆ ಚೆನ್ನಾಗಿ ಗುರುತು ಸಿಕ್ಕಿತು. ನನ್ನದೇ ಹಳೆಯ ಉಪಾಯವದು.

ಭಾನುವಾರ ಮಾಸ್ಕ್ ಹಾಕಿಕೊಂಡು ಒಬ್ಬಳೇ ಹೋದೆ. ಹಿಂದಿನ ಸಾಲಿನಲ್ಲಿ, ಕಿಟಕಿಯ ಪಕ್ಕ ಕುಳಿತೆ. ಸಾಕ್ಷಿಯ ಸಮಯ ಬಂತು. ಮುಂದಿನ ಬೆಂಚನ್ನು ಹಿಡಿದುಕೊಂಡು ಎದ್ದೆ.

"ನಾನು ಹೇಳಿದ ಸಾಕ್ಷಿ ಸುಳ್ಳು. ಕೆಮ್ಮು ನಿಂತಿತ್ತು, ರೋಗ ಹೋಗಿರಲಿಲ್ಲ. ನನ್ನ ಮಾತು ಉಳಿಸಿಕೊಳ್ಳಲು ನಾನೇ ಗುಳಿಗೆ ನಿಲ್ಲಿಸಿದೆ. ಇವರು ರಕ್ತ ಕಾರಿ ಆಸ್ಪತ್ರೆಯಲ್ಲಿದ್ದಾರೆ. ಗುಣವಾಗುತ್ತಾರೋ ಇಲ್ಲವೋ ಗೊತ್ತಿಲ್ಲ."

ಅಷ್ಟೇ ಹೇಳಿದೆ. ಯಾರೂ ಆಮೆನ್ ಎನ್ನಲಿಲ್ಲ. ಅವ್ವನ ಲೆಕ್ಕದ ಪ್ರಕಾರ ಸಿಡಿಲು ಬೀಳಬೇಕಾದ ಹೊತ್ತು ಅದು. ಬೀಳಲಿಲ್ಲ. ನಾನು ನಿಂತೇ ಇದ್ದೆ, ನನಗೇ ಆಶ್ಚರ್ಯ.

ಸುಕುಮಾರಣ್ಣ ಎದ್ದರು. ಬೈಯುತ್ತಾರೆ ಎಂದುಕೊಂಡೆ. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

"ತಂಗಿ, ಅವತ್ತ ನಾ ಕೇಳಬೇಕಾಗಿತ್ತು, ಗುಳಗಿ ನಡದಾವೇನು ಅಂತ. ಬಾಯಿಗಿ ಬಂದಿತ್ತು. ಸಾಕ್ಷಿ ಅಷ್ಟ ಚೊಲೊ ಇತ್ತು, ಕೆಡಿಸೂದ ಬ್ಯಾಡ ಅಂತ ನುಂಗಿಕೊಂಡೆ. ಇದರಾಗ ನಂದೂ ಪಾಲ ಐತಿ." ಸಭೆಯ ಕಡೆ ತಿರುಗಿ, "ನಾವು ದೇವರ ಮಕ್ಕಳು ಅಂತೀವಿ. ಮಕ್ಕಳು ಮನ್ಯಾಗ ಜಡ್ಡ ಆದ್ರ ಅಪ್ಪನ ಮುಂದ ಮುಚ್ಚಿಡತಾರೇನು? ಮುಚ್ಚಿಡಾವ್ರು ಆಳುಗಳು, ಕೆಲಸಾ ಹೋಗತೈತಿ ಅಂತ" ಎಂದರು. ಆಮೇಲೆ ಇವರಿಗಾಗಿ ಪ್ರಾರ್ಥನೆ ಮಾಡಿದರು. ಗಟ್ಟಿಯಾಗಿ ಕೂಗಲಿಲ್ಲ. ಡಾಕ್ಟರಿಗಾಗಿ ಬೇಡಿದರು, ಗುಳಿಗೆಗಾಗಿ ಬೇಡಿದರು.

ಎಲ್ಲರೂ ತಬ್ಬಿಕೊಂಡರೆಂದು ಬರೆದರೆ ಅದೂ ಸುಳ್ಳು ಸಾಕ್ಷಿಯಾದೀತು. ಕೆಲವರು ಮುಖ ತಿರುಗಿಸಿದರು. ಒಂದಿಬ್ಬರು ಈಗಲೂ ಮಾತಾಡುವುದಿಲ್ಲ. ಆದರೆ ಹಾಲಿನ ಮೆಟ್ಟಿಲು ಇಳಿಯುವಾಗ ಬಹಳ ದಿನಗಳ ಮೇಲೆ ಎದೆ ತುಂಬ ಉಸಿರು ತೆಗೆದುಕೊಂಡೆ. ಬಿಡುಗಡೆ ಎಂಬ ಮಾತನ್ನು ನಾನು ಲಂಗ ಹಾಕುವ ವಯಸ್ಸಿನಿಂದ ಹಾಡಿದ್ದೇನೆ. ರೋಗದಿಂದ ಬಿಡುಗಡೆ, ಪಾಪದಿಂದ ಬಿಡುಗಡೆ. ದೇವರ ಮುಂದೆ ಚೆನ್ನಾಗಿದ್ದೇನೆಂದು ನಟಿಸುವುದರಿಂದಲೂ ಬಿಡುಗಡೆ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಸೋಮವಾರ ರಿಪೋರ್ಟ್ ಬಂತು. ಮುಖ್ಯವಾದ ಔಷಧಿಗೆ ರೆಸಿಸ್ಟೆನ್ಸ್ ಇಲ್ಲ. ಉಳಿದ ಔಷಧಿಗಳ ವಿಷಯ, ಕಫದ ಕ್ರಿಮಿಯನ್ನು ಬೆಳೆಸಿ ನೋಡುವ ಕಲ್ಚರ್ ರಿಪೋರ್ಟ್ ಬಂದ ಮೇಲೆಯೇ ಗೊತ್ತಾಗುವುದು ಎಂದರು ಡಾಕ್ಟರ್. ಇದನ್ನು ಬರೆಯುವಾಗಲೂ ಅದು ಬಂದಿಲ್ಲ. ಚಿಕಿತ್ಸೆ ಮತ್ತೆ ಮೊದಲನೆಯ ದಿನದಿಂದ ಶುರುವಾಗಿದೆ. ನನ್ನ ಮತ್ತು ಕೃಪಾಳ ಎಕ್ಸ್‌ರೇ ಸರಿಯಾಗಿದೆ. ಹತ್ತದಂತೆ ತಡೆಯಲು ನಮಗೂ ಗುಳಿಗೆ ಕೊಟ್ಟಿದ್ದಾರೆ. ಅದನ್ನು ನಾವು ಒಬ್ಬರೆದುರು ಒಬ್ಬರು ನುಂಗುತ್ತೇವೆ. ಮಗಳು ನನ್ನ ಬಾಯಿ ತೆರೆಸಿ ನೋಡುತ್ತಾಳೆ. ನೋಡಲಿ.

ಇವರು ಮನೆಗೆ ಬಂದ ಮರುದಿನ ಗುಳಿಗೆ ಕೊಡುವಾಗ, ಅಷ್ಟು ದಿನ ಗಂಟಲಲ್ಲೇ ಇದ್ದದ್ದನ್ನು ಕೇಳಿದೆ.

"ರೀ, ನಲವತ್ತೈದ ದಿನ. ಒಂದ ದಿನಾನೂ ಗುಳಗಿ ಎಲ್ಲಿ ಅಂತ ಯಾಕ ಕೇಳಲಿಲ್ಲ?"

ಅವರು ಗ್ಲಾಸನ್ನು ಕೆಳಗಿಟ್ಟರು.

"ಅವತ್ತ ಸಾಕ್ಷಿ ಹೇಳೂ ಮುಂದ ನಿನ್ನ ಮುಖದಾಗ ಹೆದರಿಕಿ ಇರಲಿಲ್ಲ, ಪ್ರೇಮಾ. ಲಗ್ನ ಆದಾಗಿಂದ ಅಂಥಾ ಮುಖ ನಾ ನೋಡಿರಲಿಲ್ಲ. ಕೇಳಿದ್ರ ಅದು ಹೋಗತೈತಿ ಅಂತ ಕೇಳಲಿಲ್ಲ."

ನನಗೆ ಅಳು ಬಂತು. "ಈಗೂ ಹೆದರಿಕಿ ಐತ್ರಿ. ಕಲ್ಚರ್ ಏನ ಬರತೈತೋ ಅಂತ ಕೈ ನಡಗತಾವ."

"ಇರಲಿ" ಎಂದು ಅವರು ಅಂಗೈ ಚಾಚಿದರು. "ನಡಗೂ ಕೈಲೇನ ಕೊಡು."