ಎಳೆಯದೆ ಉಳಿದ ಮೂಟೆ

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ದಿನಗಳಲ್ಲಿ, ಸಿದ್ದಾಪುರದ ಬಳಿಯ ನಮ್ಮ ಮನೆಗೆ ಕೊಚ್ಚಿಯ ಯೆಹೂದಿ ವ್ಯಾಪಾರಿಯೊಬ್ಬರು ಕರಿಮೆಣಸು ಕೊಳ್ಳಲು ಬರುತ್ತಿದ್ದರು. ಆ ವರ್ಷ ಹನ್ನೊಂದು ಮೂಟೆಗೂ ದರ ಒಪ್ಪಿದರು. ಮೂಟೆಗಳ ಬಾಯಿ ಹೊಲಿದವಳು ನಾನೇ, ಲೆಕ್ಕ ತಪ್ಪಿಲ್ಲ. ತಮ್ಮ ಮಗಳ ಹೆರಿಗೆ ಸುಸೂತ್ರವಾಯಿತೆಂಬ ಸಂತೋಷದಲ್ಲಿ ಅವರು, "ಇದರಲ್ಲಿ ಒಂದು ಮೂಟೆ ನಮ್ಮೂರಿನ ಬಡವರಿಗೆ. ದೇವರ ಮುಂದೆ ಹೇಳಿದ್ದು ಅಂತ ತಿಳ್ಕೊಳ್ಳಿ" ಎಂದರು. ಬಳಿಕ ಎದ್ದು, ಮೂಟೆಗಳನ್ನು ತಮ್ಮ ಕಡೆಗೆ ಎಳೆದುಕೊಳ್ಳಲು ಕೈಚಾಚಿದರು.

ಅಪ್ಪ ಆ ಕೈ ಹಿಡಿದರು. "ಛೆ ಛೆ, ಸಾವ್ಕಾರ್ರೇ! ಮನೆಗ್ ಬಂದೋರ್ ಕೈಲಿ ಮೂಟೆ ಎಳ್ಸೋದಾ? ಕೂತ್ಕೊಳ್ಳಿ, ಕಾಫಿ ಬರ್ತದೆ."

ಅವರು ಕೂತರು. ಕಾಫಿ ಕುಡಿದು, ಹಣ ಮತ್ತು ಗಾಡಿಯೊಂದಿಗೆ ಬಂದು ಮೂಟೆ ಒಯ್ಯುವುದಾಗಿ ಹೇಳಿ ಹೊರಟರು.

ಆ ಮಾತನ್ನು ನಂಬಿ ಅಪ್ಪ, ಅದೇ ಮೆಣಸು ಕೇಳಿ ಬಂದ ವಿರಾಜಪೇಟೆಯ ವ್ಯಾಪಾರಿಯೊಬ್ಬನನ್ನು ಹಿಂದಕ್ಕೆ ಕಳಿಸಿದರು. ಹದಿನೈದೇ ದಿನಗಳಲ್ಲಿ ದರ ಬಿತ್ತು. ಸಾಹುಕಾರರು ಬಂದು ಮೆಣಸು ಬೇಡವೆಂದರು. ಅಪ್ಪ ಮಾತು ನೆನಪಿಸಿದಾಗ ಅವರು, ತಮ್ಮ ಧರ್ಮಶಾಸ್ತ್ರ ಬಲ್ಲ ಹಿರಿಯರೊಬ್ಬರಿಗೆ ಬರೆಯೋಣ, ಅವರ ತೀರ್ಪಿಗೆ ಇಬ್ಬರೂ ಬದ್ಧರಾಗೋಣ ಎಂದರು. ದೇವರಿಗೆ ಹೆದರುವವರ ತೀರ್ಪಲ್ಲವೇ ಎಂದು ಅಪ್ಪ ಒಪ್ಪಿದರು. ಉತ್ತರ ಬರುವುದರೊಳಗೆ ಮಳೆ ಹಿಡಿಯಿತು. ಮೆಣಸಿಗೆ ಬೂಷ್ಟು ಹತ್ತತೊಡಗಿತು.

ಮಲಯಾಳ ಭಾಷೆಯಲ್ಲಿದ್ದ ಕಾಗದವನ್ನು ಸಾಹುಕಾರರೇ ತಂದು ಓದಿ ಹೇಳಿದರು. ಕೊಳ್ಳುವವನು ಸರಕನ್ನು ಎಳೆದುಕೊಳ್ಳದೆ ಬರಿಯ ಮಾತಿನಿಂದ ವ್ಯಾಪಾರ ಮುಗಿಯದು. ಹಿಂದೆಗೆದವನನ್ನು ನಂಬಿಕೆಗೆಟ್ಟವನೆನ್ನಬಹುದು, ಕೊಳ್ಳೆಂದು ಬಲವಂತಪಡಿಸಲಾಗದು. ಬಡವರಿಗೆಂದು ಆಡಿದ್ದು ಮಾತ್ರ ಹರಕೆ. ಅದಕ್ಕೆ ಬಾಯಿಮಾತೇ ಸಾಕು.

"ಅವತ್ತು ಎಳ್ಕೊಂಡಿದ್ರೆ?" ಎಂದರು ಅಪ್ಪ.

"ಆಗ ನಾನು ಕೊಳ್ಳಲೇಬೇಕಿತ್ತು. ಅದಕ್ಕೇ ಕೈ ಹಾಕಿದ್ದು. ನೀವೇ ಬಿಡಲಿಲ್ಲವಲ್ಲ, ಯಜಮಾನ್ರೇ."

ಒಂದು ಮೂಟೆಗೆ ಹಳೆಯ ದರವನ್ನೇ ಕೊಟ್ಟು, ಬೂಷ್ಟಿಲ್ಲದ್ದನ್ನು ಆರಿಸಿ, ಜಗಲಿಯುದ್ದಕ್ಕೂ ತಮ್ಮ ಕೈಯಾರೆ ಎಳೆದುಕೊಂಡು ಹೋದರು. ತೀರ್ಪು ತಪ್ಪೆಂದು ನಾನು ಹೇಳಲಾರೆ. ಆದರೆ ಅವರನ್ನು ಏನೆನ್ನಬಹುದೆಂದು ಆ ಹಿರಿಯರು ಬರೆದಿದ್ದರೋ, ನಾನು ಇಂದಿಗೂ ಅದನ್ನೇ ಅನ್ನುತ್ತಿದ್ದೇನೆ.

ಉಳಿದ ಹತ್ತು ಮೂಟೆಗಳಿಗೆ ವಿರಾಜಪೇಟೆಯವನನ್ನೇ ಮತ್ತೆ ಕರೆಯಬೇಕಾಯಿತು. "ಏನ್ ಯಜಮಾನ್ರೇ, ಕೊಚ್ಚಿಯಿಂದ ಕಾಗ್ದ ಬಂತಂತೆ?" ಎನ್ನುತ್ತಲೇ ಒಳಗೆ ಬಂದ; ಮೂಟೆಗಳನ್ನು ಮೂಸಿ ನೋಡಿ ಅರ್ಧ ದರ ಹೇಳಿದ. ಅಪ್ಪ ನಿಂತೇ ಒಪ್ಪಿದರು. ಅಲ್ಲಿಂದ ಮುಂದೆ ಬದುಕಿರುವ ತನಕ, ನಮ್ಮ ಜಗಲಿಗೆ ಬಂದ ಯಾವ ವ್ಯಾಪಾರಿಗೂ ಅವರು ಕೂತುಕೊಳ್ಳಿ ಎನ್ನಲಿಲ್ಲ.