ಎಣಿಸಿ ಕೊಡ್ತೀರೋ, ಅಳೆದು ಕೊಡ್ತೀರೋ

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಶನಿವಾರಸಂತೆಯ ಶಾಲೆಯಲ್ಲಿ ನಾನು ಲೆಕ್ಕದ ಮೇಷ್ಟ್ರು, ಚನ್ನಮಲ್ಲಪ್ಪನವರು ಇಂಗ್ಲಿಷ್ ಮೇಷ್ಟ್ರು. ಗುಂಡ್ಲುಪೇಟೆ ಕಡೆಯಿಂದ ಬಂದವರು, ಮದುವೆಯಾಗಿರಲಿಲ್ಲ. ಇಲ್ಲಿಗೆ ಬಂದ ವರ್ಷವೇ ಊರಿನಲ್ಲಿ ತಾಯಿ ತೀರಿಕೊಂಡರು. ಆಮೇಲೆ ರಜೆಗೂ ಊರಿಗೆ ಹೋಗುವ ಕಾರಣ ಉಳಿಯಲಿಲ್ಲ. ಬೆಣ್ಣೆ ಮಾರುವ ರಂಗಮ್ಮನ ಮನೆಯ ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದರು, ಊಟವೂ ಅವಳ ಕೈಯದೇ.

ನಮ್ಮ ಮಕ್ಕಳಿಗೆ ಇಂಗ್ಲಿಷಿನ ಒಂದು ಪಾಠ ತಲೆಗೆ ಹತ್ತುತ್ತಿರಲಿಲ್ಲ. ನಮ್ಮಲ್ಲಿ ಕೋಳಿಗೂ ‘ಎಷ್ಟು’, ಉಪ್ಪಿಗೂ ‘ಎಷ್ಟು’. ಇಂಗ್ಲಿಷಿನವರಿಗೆ ಹಾಗಲ್ಲ. ಎಣಿಸುವ ಕೋಳಿಗೆ ‘ಮೆನಿ’, ಎಣಿಸಲಾಗದ ಉಪ್ಪಿಗೆ ‘ಮಚ್’. ಮಕ್ಕಳು ‘ಮೆನಿ ರೈಸ್’ ಎಂದು ಬರೆದು ತಂದಾಗ ಚನ್ನಮಲ್ಲಪ್ಪನವರು ಬೆತ್ತ ಎತ್ತಲಿಲ್ಲ, ನೋಟ್‌ಬುಕ್ ಹಿಡಿದು ಸಂತೆಗೆ ಹೋದರು. ಪ್ರತಿಯೊಬ್ಬರ ಮುಂದೆಯೂ ನಿಂತು, “ಇದನ್ನ ಎಣಿಸಿ ಕೊಡ್ತೀರೋ, ಅಳೆದು ಕೊಡ್ತೀರೋ?” ಎಂದು ಕೇಳಿ ಬರೆದುಕೊಂಡರು. ಕಿತ್ತಳೆ, ಮಡಕೆ, ಬಾಳೆಗೊನೆ ಒಂದು ಕಡೆ. ಜೇನು, ಬೆಲ್ಲ, ಬೆಣ್ಣೆ ಇನ್ನೊಂದು ಕಡೆ. ಹಸಿಮೆಣಸಿನಕಾಯಿಯನ್ನು ಎಣಿಸಲು ಬರುತ್ತದೆ, ಆದರೂ ಅಳೆದೇ ಕೊಡುತ್ತಾರೆ ಎಂದು ತಿಳಿದ ದಿನ ಅವರು ಪಟ್ಟ ಸಂತೋಷ ನೋಡಬೇಕಿತ್ತು.

ಆ ಪಾಠಕ್ಕೆ ಎರಡು ಸಂತೆ ಸಾಕಿತ್ತು. ಅವರು ಎರಡು ವರ್ಷ ಹೋದರು. ವಾರವಿಡೀ ಶಾಲೆ ಬಿಟ್ಟ ಮೇಲೆ ಅವರನ್ನು ಮಾತಾಡಿಸುವವರು ಇರಲಿಲ್ಲ, ಸಂತೆಯಲ್ಲಿ ಇದ್ದರು. ವ್ಯಾಕರಣ ಬರೀ ನೆಪ. ಇದು ನನಗೆ ಆಗಲೇ ಗೊತ್ತಿತ್ತು, ಗೊತ್ತಿದ್ದೂ ಒಂದು ದಿನವೂ ಮನೆಗೆ ಊಟಕ್ಕೆ ಕರೆಯಲಿಲ್ಲ.

ಆಗ ಅಕ್ಕಿಯ ಮೇಲೆ ಕಂಟ್ರೋಲ್ ಇತ್ತು. ಬೆಳೆದ ಭತ್ತದಲ್ಲಿ ಒಂದು ಪಾಲನ್ನು ಸರ್ಕಾರಕ್ಕೆ ಲೆವಿ ಎಂದು ಕೊಡಬೇಕು, ಗಡಿ ದಾಟಿಸಿ ಹಾಸನದ ಕಡೆ ಸಾಗಿಸುವಂತಿಲ್ಲ. ಹಾಗೆಂದು ಯಾರೂ ಸಾಗಿಸದೆ ಬಿಟ್ಟಿರಲಿಲ್ಲ ಅನ್ನಿ. ರಂಗಮ್ಮನ ತಮ್ಮ ಸಣ್ಣಸ್ವಾಮಿ ಒಂದು ಶನಿವಾರ ಗಾಡಿಯಲ್ಲಿ ಹುಲ್ಲು ಹೇರಿಕೊಂಡು ನಿಂತಿದ್ದ. ಚನ್ನಮಲ್ಲಪ್ಪನವರು ಹೋಗಿ, “ಹುಲ್ಲನ್ನ ಹೊರೆ ಲೆಕ್ಕದಲ್ಲಿ ಕೊಡ್ತೀರೋ, ಗಾಡಿ ಲೆಕ್ಕದಲ್ಲೋ?” ಎಂದು ಕೇಳಿ ಬರೆದುಕೊಂಡರು. ಮರುದಿನ ಗಡಿಯಲ್ಲಿ ಇನ್‌ಸ್ಪೆಕ್ಟರು ಗಾಡಿ ತಡೆದು, ಹುಲ್ಲಿನಡಿಯ ಅಕ್ಕಿಮೂಟೆ ಎಳೆದು ಹಾಕಿದರು. ಗಾಡಿ, ಎತ್ತು ಎಲ್ಲ ಜಪ್ತಿಯಾಯಿತು.

ಊರಿಗೆ ಇನ್ನೇನು ಬೇಕು? ಎಣಿಸುತ್ತೀರೋ ಅಳೆಯುತ್ತೀರೋ ಎಂದು ಕೇಳುವವನು, ಕೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳುವವನು ಸರ್ಕಾರದ ಕಡೆಯವನಲ್ಲದೆ ಮತ್ತೆ ಯಾರು? ಅವರು ಬಂದರೆ ಸಂತೆಯವರು ತರಕಾರಿ ಮಂಕರಿಯ ಮೇಲೆ ಗೋಣಿ ಎಳೆಯತೊಡಗಿದರು. ರಂಗಮ್ಮ ಊಟವನ್ನು ಜಗಲಿಯ ಮೇಲೆ ಮುಚ್ಚಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವಳು.

ಕಾಫಿ ಹೋಟೆಲಿನಲ್ಲಿ ಸಣ್ಣಸ್ವಾಮಿ ನಾಲ್ಕು ಜನರ ಎದುರಿಗೇ ನನ್ನನ್ನು ಕೇಳಿದ. “ಆ ಬುಕ್ಕಲ್ಲಿ ಅದೇನ್ ಬರ್ಕೊತಾರೆ ಅಂತ ನಿಮ್ಗೆ ಗೊತ್ತಿರ್ಬೇಕಲ್ವಾ ತಿಮ್ಮಯ್ಯ ಮೇಷ್ಟ್ರೇ?”

ಗೊತ್ತಿತ್ತು. ಸ್ಟಾಫ್ ರೂಮಿನಲ್ಲಿ ಚನ್ನಮಲ್ಲಪ್ಪನವರು ಎಷ್ಟು ಸಲ ಅದರ ಪುಟ ತೋರಿಸಿ ನಗಿಸಿದ್ದರು! ಆದರೆ ನಮ್ಮ ಅಟ್ಟದ ಮೇಲೂ ಲೆವಿಗೆ ತೋರಿಸದ ಭತ್ತವಿತ್ತು. ಅವರ ಪರ ಮಾತಾಡಿದರೆ ನನ್ನನ್ನೂ ಸರ್ಕಾರದ ಕಡೆಯವನೆಂದು ಎಣಿಸಿ, ಯಾರಾದರೂ ಆ ಭತ್ತದ ಸುದ್ದಿ ಇನ್‌ಸ್ಪೆಕ್ಟರಿಗೆ ಮುಟ್ಟಿಸಿಯಾರು ಎಂಬ ಅಳುಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು.

“ನಂಗೇನ್ ಗೊತ್ತಪ್ಪಾ, ಇಂಗ್ಲಿಷು” ಎಂದೆ.

ಆ ವಾರವೇ ಚನ್ನಮಲ್ಲಪ್ಪನವರು ಶಾಲೆಯ ಬಾವಿಯ ಹತ್ತಿರ ನನ್ನನ್ನು ನಿಲ್ಲಿಸಿದರು. “ತಿಮ್ಮಯ್ಯನೋರೇ, ನನ್ನಿಂದ ಏನಾರ ತಪ್ಪಾಗದಾ? ಯಾರೂ ಮಾತಾಡುಸ್ತಾನೆ ಇಲ್ಲ.”

“ಏನಿಲ್ಲ ಬಿಡಿ, ಕೊಯ್ಲಿನ ಕಾಲ. ಎಲ್ಲಾರ್ಗೂ ಕೆಲ್ಸ” ಎಂದೆ.

ಅವರು ನಂಬಿದರು. ಮುಂದಿನ ಶನಿವಾರ ಮತ್ತೆ ಅದೇ ನೋಟ್‌ಬುಕ್ ಹಿಡಿದು ಸಂತೆಗೆ ಹೋದರು. ಕೊಯ್ಲು ಮುಗಿಯಿತು, ಒಕ್ಕಣೆಯೂ ಮುಗಿಯಿತು. ಯಾರೂ ಮಾತಾಡಿಸಲಿಲ್ಲ. ಬೇಸಿಗೆ ರಜೆಗೆ ಮುಂಚೆ ಅವರೇ ಕೇಳಿ ಭಾಗಮಂಡಲಕ್ಕೆ ವರ್ಗ ಮಾಡಿಸಿಕೊಂಡರು. ಬಸ್ಸು ಹತ್ತಿಸಲು ಹೋದವನು ನಾನೊಬ್ಬನೇ. ಹೊಸ ಮೇಷ್ಟ್ರಿಗೆ ಉಪಯೋಗವಾದೀತು ಎಂದು ನೋಟ್‌ಬುಕ್ಕನ್ನು ನನ್ನ ಕೈಗಿತ್ತು, ಟ್ರಂಕನ್ನು ತಾವೇ ಬಸ್ಸಿನ ಮೇಲಕ್ಕೆ ಏರಿಸಿದರು.

ಮನೆಗೆ ಬಂದು ತೆರೆದೆ. ಪಟ್ಟಿಗಳ ಕೆಳಗೆ ಆಯಾ ವಾರದ ತಾರೀಖು ಹಾಕಿ, ಮಕ್ಕಳಿಗೆ ಉದಾಹರಣೆಗೆಂದು ಇಂಗ್ಲಿಷಿನಲ್ಲಿ ವಾಕ್ಯ ಬರೆದಿದ್ದರು. ಎಲ್ಲ ವಾಕ್ಯದಲ್ಲೂ ನಮ್ಮೂರ ಜನವೇ. ಮಡಕೆಯ ಸಿದ್ದ ನನಗೆ ಎರಡು ಮಡಕೆ ತೋರಿಸಿದ. ಸಣ್ಣಸ್ವಾಮಿ ಒಂದು ಬೀಡಿ ಕೊಡಲು ಬಂದ. ಪುಟ ತಿರುವಿದಂತೆ ಹೆಸರುಗಳು ಕಡಿಮೆಯಾಗುತ್ತ ಹೋದವು. ಕೊನೆಯ ಪುಟಗಳಲ್ಲಿ ಉಳಿದದ್ದು ಒಂದೇ ಹೆಸರು. ತಿಮ್ಮಯ್ಯನವರಿಗೆ ತುಂಬ ಕೆಲಸವಿದೆ. ಇವತ್ತು ತಿಮ್ಮಯ್ಯನವರು ನನ್ನೊಡನೆ ಮಾತಾಡಿದರು.

ಕೂತಲ್ಲಿ ಕೂರಲಾಗಲಿಲ್ಲ. ನೋಟ್‌ಬುಕ್ ಹಿಡಿದು ರಂಗಮ್ಮನ ಮನೆಗೆ ಹೋದೆ. ಅವಳು ಖಾಲಿಯಾದ ಕೋಣೆ ಗುಡಿಸುತ್ತಿದ್ದಳು. ಅವಳ ಹೆಸರಿದ್ದ ವಾಕ್ಯಗಳನ್ನು ಒಂದೊಂದಾಗಿ ಕನ್ನಡದಲ್ಲಿ ಓದಿ ಹೇಳಿದೆ. ರಂಗಮ್ಮನವರು ನನಗೆ ಸ್ವಲ್ಪ ಬೆಣ್ಣೆ ಕೊಟ್ಟರು. ರಂಗಮ್ಮನವರ ಅನ್ನ ನನ್ನ ತಾಯಿಯ ಅನ್ನದ ಹಾಗಿದೆ. ಗಾಡಿಯ ಮಾತಾಗಲಿ, ಅಕ್ಕಿಮೂಟೆಯ ಮಾತಾಗಲಿ ಎಲ್ಲೂ ಇರಲಿಲ್ಲ.

ರಂಗಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿಟ್ಟಳು.

“ಇದ್ನ ಓದಕ್ಕೆ ನಿಮ್ಗೆ ಅವತ್ತೂ ಬತ್ತಿತ್ತಲ್ವಾ ಮೇಷ್ಟ್ರೇ?” ಎಂದಳು.

“ಬತ್ತಿತ್ತು” ಎಂದೆ.