ಜೀರಿಗೆ ಮಿಡಿಯ ಮರ ಮೈತುಂಬ ಹೂ ಬಿಟ್ಟ ವರ್ಷ

ಹೊಸನಗರದ ನಮ್ಮ ಮನೆಯ ಹಿತ್ತಲಲ್ಲಿ ಒಂದು ಜೀರಿಗೆ ಮಿಡಿಯ ಮರವಿತ್ತು. ಉಪ್ಪಿನಕಾಯಿಗೆಂದೇ ಬೆಳೆಸುವ ಮಾವು ಅದು. ಎಲೆ ಹಿಸುಕಿದರೆ ಜೀರಿಗೆಯ ವಾಸನೆ. ಹಣ್ಣಾದರೆ ಮಾತ್ರ ಬಾಯಿಗಿಡಲಾಗದಷ್ಟು ಹುಳಿ. ಬ್ಯಾಕೋಡಿನ ಕಡೆಯಿಂದ ಕುಡಿ ತಂದು ಕಸಿ ಕಟ್ಟಿಕೊಟ್ಟವನು ನನ್ನ ಅಣ್ಣ. ಅಲ್ಲಿ ಹಿನ್ನೀರಿನ ದಂಡೆಯಲ್ಲಿದ್ದ ಮೂಲ ಮರ ಆಮೇಲೆ ಒಣಗಿತು. ನಮಗೆ ತಿಳಿದ ಮಟ್ಟಿಗೆ ಆ ಜಾತಿ ಉಳಿದದ್ದು ನಮ್ಮ ಹಿತ್ತಲಲ್ಲಿ ಮಾತ್ರ.

ಚಳಿ ಬಲಿತ ಮೇಲೆ ಹೂ ಬಿಡುತ್ತಿದ್ದ ಮರ ಕಳೆದ ವರ್ಷ ದೀಪಾವಳಿಗೂ ಮೊದಲೇ ಬಿಟ್ಟಿತು. ಕೊಂಬೆಯ ತುದಿಗಳಲ್ಲಷ್ಟೇ ಅಲ್ಲ, ಕಾಂಡದ ಮೈಯಿಂದಲೂ ಗೊಂಚಲು ಒಡೆದವು. ಎಲೆಯೇ ಕಾಣದು. ಬೆಳಗಾದರೆ ನೊಣಗಳು ಮುತ್ತಿ, ಆ ಗುಂಯ್ ಸದ್ದು ಅಡುಗೆಮನೆಯ ಕಿಟಕಿ ಮುಚ್ಚಿದರೂ ಕೇಳುತ್ತಿತ್ತು.

ಪಕ್ಕದ ಮನೆಯಾಕೆ ಬೇಲಿಯಾಚೆ ನಿಂತು ನಕ್ಕರು. "ಈ ಸಲ ನಿಮ್ಮನೆ ಭರಣಿ ಸಾಲಲ್ಲ ಬಿಡಿ. ನಮಗೂ ಸ್ವಲ್ಪ ಇಟ್ಟಿರಿ."

ನಾನೂ ನಕ್ಕೆ. ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ಅವನು ಉತ್ತರ ಬರೆಯಲಿಲ್ಲ, ಮರುದಿನ ತಾನೇ ಬಸ್ಸಿಳಿದು ಬಂದ. ಕಾಫಿಯನ್ನೂ ಕುಡಿಯದೆ ಹಿತ್ತಲಿಗೆ ನಡೆದು, ಒಂದು ಎಲೆ ಹಿಸುಕಿ ಮೂಸಿ ನನ್ನ ಕೈಗಿಟ್ಟ. ವಾಸನೆಯೇ ಇರಲಿಲ್ಲ.

"ಬ್ಯಾಕೋಡಿನ ಮರಾನೂ ಹಿಂಗೇ ಬಿಟ್ಟಿತ್ತು ಕಣೆ. ಆಮೇಲೆ ಒಂದ್ ಮಳೆಗಾಲ ಕಾಣ್ಲಿಲ್ಲ."

ಬುಡದಲ್ಲಿ ನಾನೇ ಗುಡಿಸಿ ಒಟ್ಟಿದ್ದ ತರಗೆಲೆಯನ್ನು ಅವನು ಕಾಲಿನಿಂದ ಸರಿಸಿದ. ಗರಗಸದಡಿ ಬೀಳುವಂಥ ಹೊಟ್ಟು ಅಲ್ಲಿ ರಾಶಿಯಾಗಿತ್ತು. ತೊಗಟೆಯಲ್ಲಿ ತೂತು, ತೂತಿನಿಂದ ಕಪ್ಪಗೆ ಅಂಟು ಇಳಿದಿತ್ತು. ಕಾಂಡಕ್ಕೆ ಕಿವಿ ಇಡು ಎಂದ. ಇಟ್ಟೆ. ಒಳಗೆ ಏನೋ ಮೆಲ್ಲಗೆ ಕೆರೆಯುತ್ತಿತ್ತು.

ತಂತಿ ತೂರಿಸಿ ಎಳೆದಾಗ ಹೆಬ್ಬೆರಳಿನಷ್ಟು ದಪ್ಪದ ಬಿಳಿ ಹುಳು ಬಂತು. ಇನ್ನೊಂದೂ ಬಂತು. ಆಮೇಲೂ ಸದ್ದು ನಿಲ್ಲಲಿಲ್ಲ.

"ಹೂವೆಲ್ಲ ಉದುರಿಸ್ಬಿಡು. ಕಾಯಿ ಹೊರೋ ಶಕ್ತಿ ಇಲ್ಲ ಇದಕ್ಕೆ" ಎಂದ ಅಣ್ಣ.

ನನ್ನ ಗಂಡ ಒಪ್ಪಲಿಲ್ಲ. "ಹೋಗೋದೇ ಆದ್ರೆ ಕೊನೇ ಮಿಡಿನಾದ್ರೂ ಸಿಗ್ಲಿ ಭಾವ."

ಇಬ್ಬರೂ ನನ್ನ ಮುಖ ನೋಡಿದರು. ನಾನು ಗಳ ತೆಗೆದುಕೊಂಡೆ. ಹೊಡೆದಂತೆಲ್ಲ ಹೂ ತಲೆ ಮೇಲೆ, ಕುತ್ತಿಗೆಯೊಳಗೆ ಸುರಿಯಿತು. ಪಕ್ಕದಾಕೆ ಬೇಲಿಯ ಹತ್ತಿರ ಬಂದು ನೋಡಿ ಒಳಗೆ ಹೋದರು.

ಮರ ಉಳಿಯಲಿಲ್ಲ. ಎಲೆಗಳು ಉದುರಲಿಲ್ಲ, ಕೊಂಬೆಯಲ್ಲೇ ಕಂದಾಗಿ ನೇತುಬಿದ್ದು ಗಾಳಿಗೆ ಕಾಗದದಂತೆ ಸದ್ದು ಮಾಡಿದವು. ಬಡಗಣ ಕೊಂಬೆಯೊಂದು ಮಾತ್ರ ಹಸಿರಾಗಿತ್ತು. ಕಸಿ ಕಟ್ಟುವ ಕಾಲ ಮಳೆಗಾಲ. ಅಷ್ಟು ದಿನ ಆ ಕೊಂಬೆ ಇರುತ್ತದೆಂಬ ನಂಬಿಕೆ ಅಣ್ಣನಿಗಿರಲಿಲ್ಲ. ಕುಡಿಗಳನ್ನು ಕೊಯ್ದು, ಕಾಡುಮಾವಿನ ಸಸಿಗಳಿಗೆ ಕಟ್ಟಿ, ಪ್ಲಾಸ್ಟಿಕ್ ಚೀಲ ಹೊದಿಸಿ ಬಚ್ಚಲ ಹಿಂದಿನ ನೆರಳಲ್ಲಿಟ್ಟ. ಬೆಳಿಗ್ಗೆ ಎದ್ದವಳೇ ನಾನು ಹೋಗಿ ನೋಡುತ್ತಿದ್ದೆ. ಒಂದೊಂದಾಗಿ ಕಪ್ಪಾದವು. ಒಂದು ಮಾತ್ರ ಚಿಗುರಿತು.

ಮಳೆಗೆ ಮೊದಲು ಮರ ಕಡಿಸಿದೆವು. ಬಿದ್ದ ಕಾಂಡದ ಒಳಗೆ ಕೈ ತೂರುವಷ್ಟು ಪೊಳ್ಳು.

ಬದುಕಿದ ಸಸಿಯನ್ನು ಈ ಹಿತ್ತಲಲ್ಲಿ ನೆಡಲು ಧೈರ್ಯ ಬರಲಿಲ್ಲ. ಕಾರ್ಗಲ್ಲಿನಲ್ಲಿರುವ ನಾದಿನಿಯ ಅಂಗಳಕ್ಕೆ ಕಳಿಸಿದೆ. ಮೊನ್ನೆ ಅವಳು ಫೋನ್ ಮಾಡಿ, "ಅತ್ಗೆ, ಚೆನ್ನಾಗಿ ಬರ್ತಾ ಇದೆ, ಈಗ ನನ್ನ ಸೊಂಟದೆತ್ತರ ಆಗಿದೆ" ಎಂದಳು.

ಬುಡ ನೋಡಿದ್ಯಾ ಎಂದು ಕೇಳಿದೆ.

"ಬುಡದಲ್ಲಿ ಎಂತ ಇರುತ್ತೆ?" ಎಂದಳು.

ಈಗಲೇ ಹೋಗಿ ನೋಡು ಎಂದೆ. ಫೋನ್ ಹಿಡಿದುಕೊಂಡೇ ಅವಳು ಅಂಗಳಕ್ಕೆ ಇಳಿದದ್ದು ಕೇಳಿಸಿತು.